ಮೂರನೇ ದಿನ ತೆಗೆದ ಹೊದಿಕೆ

ಪಿರಿಯಾಪಟ್ಟಣ
16 ಫೆಬ್ರವರಿ 2025

ಪೂಜ್ಯ ಮಾವನವರಿಗೆ ಶಾಂಭವಿಯ ನಮಸ್ಕಾರಗಳು.

ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ. ಊರಿಗೆ ಬಂದು ಸ್ಲೇಟಿನ ಮೇಲೆ ಬರೆದು ತೋರಿಸುವಷ್ಟು ಸಣ್ಣ ವಿಷಯವೂ ಅಲ್ಲ. ಅದಕ್ಕೇ ಈ ಕಾಗದ.

ನಮ್ಮ ಗೋಡೌನಿನ ಕೆಲಸ ನಿಮಗೆ ಗೊತ್ತು. ರೈತರ ಹೊಗೆಸೊಪ್ಪು ಬೇಲು ಕಟ್ಟಿ ಬರುತ್ತದೆ, ಹೆಂಗಸರು ಕೂತು ಎಲೆಯ ಬಣ್ಣ ನೋಡಿ ಬೇರೆ ಮಾಡುತ್ತಾರೆ, ನಾನು ರಿಜಿಸ್ಟರು ಬರೆಯುತ್ತೇನೆ. ಸೊಪ್ಪಿಗೆ ಹುಳ ಬೀಳದಿರಲಿ ಅಂತ ಆಗಾಗ ಬೇಲುಗಳ ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಕೆ ಹಾಕಿ ಒಳಗೆ ಮಾತ್ರೆ ಇಡುತ್ತಾರೆ. ಅದರಿಂದ ವಿಷದ ಗಾಳಿ ಏಳುತ್ತದೆ. ಏಳು ದಿನ ಮುಚ್ಚಿರಬೇಕು. ತೆಗೆದ ಮೇಲೆ ಎರಡು ದಿನ ಬಾಗಿಲು ಕಿಟಕಿ ತೆರೆದಿಟ್ಟು, ವಿಷದ ಗಾಳಿ ಅಳೆಯುವ ಮೀಟರು ಹಿಡಿದು ನೋಡಿ, ಆಮೇಲೇ ಆಳು ಒಳಗೆ ಹೋಗಬೇಕು. ಗೋಡೆಯ ಮೇಲೆ ಹಾಗಂತ ಬರೆದೂ ಇದೆ.

ಈ ಸಲ ಆರನೇ ತಾರೀಖು ಗುರುವಾರ ಹೊದಿಸಿದರು. ಲಾರಿಗಳು ಬಂದು ನಿಂತವು ಅಂತ ಮ್ಯಾನೇಜರು ಸೋಮಶೇಖರ್ ಭಾನುವಾರವೇ, ಅಂದರೆ ಮೂರನೇ ದಿನಕ್ಕೇ, ಹೊದಿಕೆ ತೆಗೆಸಿಬಿಟ್ಟರು. ಸೋಮವಾರ ಬೆಳಿಗ್ಗೆ ಹನ್ನೆರಡು ಜನ ಹೆಂಗಸರನ್ನು ಒಳಗೆ ಕಳಿಸಿದರು. ಆ ಗಾಳಿಗೆ ಬೆಳ್ಳುಳ್ಳಿಯ ವಾಸನೆ ಇರುತ್ತದೆ ಮಾವ. ಅವರಲ್ಲೊಬ್ಬಳು, ಸುಂದ್ರಮ್ಮ, ನಗುತ್ತಾ, “ಯಾರವ್ವಾ ಬೆಳಬೆಳಿಗ್ಗೇಲೆ ಬೆಳ್ಳುಳ್ಳಿ ಒಗ್ಗರಣೆ ಆಕ್ಕಂಡ್ ಬಂದಿರೋಳು, ನಮ್ಗೂ ಒಂದ್ ತುತ್ತು ಮಡುಗು” ಅಂದಳು. ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ನಾನೂ ನಕ್ಕೆ. ಹನ್ನೊಂದು ಗಂಟೆಗೆ ಅವಳು ಬೇಲಿನ ಮೇಲೆ ಒರಗಿದವಳು ಏಳಲೇ ಇಲ್ಲ. ಐದು ಜನ ವಾಂತಿ ಮಾಡಿದರು. ಸುಂದ್ರಮ್ಮ ಬರಿ ಹೊಟ್ಟೆಯಲ್ಲಿ ಕೆಲಸಕ್ಕೆ ಬಂದಿದ್ದಳು ಅಂತ ಮ್ಯಾನೇಜರು ಆಸ್ಪತ್ರೆಯಲ್ಲಿ ಹೇಳಿ ಸೇರಿಸಿದರು. ನಾಲ್ಕು ದಿನ ಇದ್ದು ಮನೆಗೆ ಬಂದಿದ್ದಾಳೆ. ಹತ್ತು ಹೆಜ್ಜೆ ನಡೆದರೆ ಕೂರುತ್ತಾಳೆ.

ಆ ಸೋಮವಾರ ಸಂಜೆಯೇ ಮ್ಯಾನೇಜರು ರಿಜಿಸ್ಟರನ್ನು ನನ್ನ ಮುಂದೆ ಇಟ್ಟು, “ಒಂದನೇ ತಾರೀಖ್ಗೇ ಹೊದ್ಸಿದ್ವಿ ಅಂತ ಬರಿಯಮ್ಮ, ನಿನ್ನಕ್ಷರ ಮುದ್ದಾಗದೆ” ಅಂದರು. ನಾನು ಬರೆದೆ ಮಾವ. ಮುದ್ದಾಗಿಯೇ ಬರೆದೆ.

ಮೈಸೂರಿನ ಕಾರ್ಖಾನೆ ಇಲಾಖೆಗೆ ದೂರು ಕೊಡಬೇಕು. ಸಹಿ ಇಲ್ಲದ ಅರ್ಜಿಯನ್ನು ತೆಗೆದುಕೊಳ್ಳುವುದಿಲ್ಲವಂತೆ. ಹೆಸರು ಗುಟ್ಟಾಗಿ ಇಡುತ್ತಾರಂತೆ. ಆದರೆ ಹೆಸರು ಮುಚ್ಚಿ ಗೋಡೌನಿನವರಿಗೆ ನಕಲು ಕೊಟ್ಟರೂ ನನ್ನ ಅಕ್ಷರವನ್ನು ಮುಚ್ಚಲು ಆಗುವುದಿಲ್ಲ. ಇಲ್ಲಿ ಎಲ್ಲರಿಗೂ ಅದರ ಗುರುತಿದೆ. ಅದಕ್ಕೆ ಎರಡು ಖಾಲಿ ಹಾಳೆಯ ಕೆಳಗೆ ಸಹಿ ಮಾಡಿ ಇದರೊಳಗೆ ಇಟ್ಟಿದ್ದೇನೆ. ಅರ್ಜಿಯನ್ನು ನಿಮ್ಮ ಕೈಯಲ್ಲಿ ಬರೆದು, ಮೈಸೂರಿಗೇ ಹೋಗಿ ಅಂಚೆಗೆ ಹಾಕಿ.

ನಾನು ಕೇಳುವುದು ಒಂದೇ. ನನ್ನ ಹೆಸರು ಹೊರಗೆ ಬರಬಾರದು. ಬಂದರೆ ಕೆಲಸ ಹೋಗುವುದು ಇರಲಿ, ಆ ಸುಳ್ಳು ತಾರೀಖು ನನ್ನ ಕೈಯದು.

ನಿಮ್ಮ ಮಗಳು
ಶಾಂಭವಿ

*

ಸರಗೂರು
24 ಫೆಬ್ರವರಿ 2025

ಚಿರಂಜೀವಿ ಶಾಂಭವಿಗೆ ನಿನ್ನ ಸೋದರಮಾವ ವೀರಭದ್ರಸ್ವಾಮಿ ಎರಡೂ ಕೈ ಎತ್ತಿ ಮಾಡುವ ಆಶೀರ್ವಾದಗಳು.

ಮಗಳೇ, ನಿನ್ನ ಕಾಗದವನ್ನು ಕೂತು ಓದಲು ಶುರು ಮಾಡಿದವನು ಮುಗಿಸುವಾಗ ನಿಂತಿದ್ದೆ. ಯಾವ ಸಾಲಿಗೆ ಎದ್ದೆನೋ ಗೊತ್ತಿಲ್ಲ. ನಲವತ್ತು ವರ್ಷ ಖಳನಿಗೆ ಬಣ್ಣ ಹಚ್ಚಿದ ಕೈ ಇದು. ಹುಬ್ಬು ಎಳೆದು, ಮೀಸೆ ಅಂಟಿಸಿ, ಕೈಗೆ ಗದೆ ಕೊಟ್ಟು, ಹೋಗಯ್ಯಾ ಅಬ್ಬರಿಸು ಅಂತ ರಂಗಕ್ಕೆ ತಳ್ಳಿದವನು ನಾನು. ಬಿಳೀ ಶರಟು ಹಾಕಿಕೊಂಡು, ಪೆನ್ನು ಚಾಚಿ, ಮೆಲ್ಲಗೆ “ಬರಿಯಮ್ಮ” ಅನ್ನುವ ಖಳನಿಗೆ ಯಾವ ಬಣ್ಣ ಹಚ್ಚಬೇಕು ಅಂತ ನನಗೆ ತೋಚಲಿಲ್ಲ.

ನೀನು ಬರೆದೆ ಅಂತ ಕೊರಗಬೇಡ. ತಾಯಿ ತಂದೆ ಹೋದ ಮೇಲೆ ನಮ್ಮ ಮನೆಯಲ್ಲಿ ಬೆಳೆದ ಹುಡುಗಿ ನೀನು. ನಿನಗೆ ಅಕ್ಷರ ತಿದ್ದಿಸಿದವನು ನಾನು. ಆ ಅಕ್ಷರದಿಂದ ಆದದ್ದನ್ನು ನನ್ನ ಅಕ್ಷರವೇ ತೊಳೆಯಲಿ.

ಅರ್ಜಿ ಬರೆದೆ. ಅದು ಅರ್ಜಿಯಲ್ಲ, ಮಗಳೇ, ಅದು ಮೊರೆ! ಹಳೇ ಹಾಳೆಗಳ ಮೇಲೆ ಮೂರು ಸಲ ಬರೆದು ಹರಿದೆ. ನಮ್ಮ ನಾಟಕದ ಕಸುಬಿನ ಪದ್ಧತಿ ನಿನಗೆ ಗೊತ್ತೇ ಇದೆ, ಬಾಯಲ್ಲಿ ಕೂರದ ಮಾತು ಹಾಳೆಯ ಮೇಲೂ ಕೂರುವುದಿಲ್ಲ. ಒಂದೊಂದು ಸಾಲನ್ನೂ ನಡುಮನೆಯಿಂದ ಜಗಲಿಗೆ, ಜಗಲಿಯಿಂದ ನಡುಮನೆಗೆ ನಡೆಯುತ್ತಾ ಹೇಳಿ ನೋಡಿದೆ. ಕಿವಿ ಹೋದ ಈ ಎರಡು ವರ್ಷದಿಂದ ನನ್ನ ದನಿ ನನಗೇ ಕೇಳುವುದಿಲ್ಲ. ಎದೆಯ ಮೇಲೆ ಅಂಗೈ ಇಟ್ಟು, ಎದೆಗೂಡು ಎಷ್ಟು ನಡುಗುತ್ತದೆ ಅಂತ ನೋಡಿಕೊಂಡು ದನಿಯನ್ನು ಅಳೆಯುತ್ತೇನೆ. ಅವತ್ತು ಚೆನ್ನಾಗಿ ನಡುಗಿತು. ಸುಂದ್ರಮ್ಮ ಬೇಲಿನ ಮೇಲೆ ಒರಗುವ ಜಾಗದಲ್ಲಿ ನನಗೇ ಕಣ್ಣು ತುಂಬಿತು. ಕೊನೆಗೆ “ಇಂತಿ ತಮ್ಮ ವಿಧೇಯಳು ಶಾಂಭವಿ” ಅನ್ನುವಾಗ ಎದೆಗೂಡು ಸಾಕಷ್ಟು ನಡುಗದೆ, ಅದೊಂದನ್ನೇ ಮೂರು ಸಲ ಹೇಳಬೇಕಾಯಿತು.

ತಿರುಗಿ ನೋಡಿದರೆ ಎದುರಿನ ಯತೀಶನ ಟೀ ಅಂಗಡಿಯ ಬೆಂಚಿನಿಂದ ನಾಲ್ಕೈದು ಜನ ಎದ್ದು ನಮ್ಮ ಜಗಲಿಯ ಕಡೆಗೇ ನೋಡುತ್ತಿದ್ದರು. ನಾನು ಕೈ ಎತ್ತಿದೆ, ಅವರೂ ಎತ್ತಿದರು. ಮೇಷ್ಟ್ರು ಹೊಸ ನಾಟಕ ಹಿಡಿದಿದ್ದಾರೆ ಅಂದುಕೊಂಡಿರಬೇಕು, ಪಾಪ.

ಆಮೇಲೆ ನಿನ್ನ ಸಹಿಯ ಹಾಳೆಗೆ ಶುದ್ಧವಾಗಿ ಇಳಿಸಿದೆ. ನನ್ನ ಎಚ್ಚರಿಕೆ ಕೇಳು. ಸರಗೂರಿನ ಅಂಚೆಗೆ ಹಾಕಲಿಲ್ಲ. ಪಕ್ಕದ ಕೋಟೆ ಪಟ್ಟಣದಲ್ಲೂ ಹಾಕಲಿಲ್ಲ. ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ಬಸ್ಸು ಬದಲಾಯಿಸಿ, ತಲೆಗೆ ಮಫ್ಲರು ಸುತ್ತಿ, ಹಂಪಾಪುರದಲ್ಲಿ ಹತ್ತಿದ ಪರಿಚಯದವರಿಗೆ ಕಣ್ಣಾಸ್ಪತ್ರೆಗೆ ಅಂತ ಸನ್ನೆ ಮಾಡಿ, ಮೈಸೂರಿಗೇ ಹೋಗಿ ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದೆ. ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ “ಗೌಪ್ಯ” ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಇನ್ನು ಗಾಳಿಗೂ ನಿನ್ನ ಹೆಸರು ತಿಳಿಯುವುದಿಲ್ಲ.

ಧೈರ್ಯವಾಗಿರು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಹಿಂದೆ ಬೆಟ್ಟದಂತೆ ನಿಂತಿರುವ
ವೀರಭದ್ರಸ್ವಾಮಿ

*

ಪಿರಿಯಾಪಟ್ಟಣ
9 ಮಾರ್ಚ್ 2025

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಎರಡು ಸಲ ಓದಿದೆ.

ಬುಧವಾರ ಇಲಾಖೆಯ ಇನ್‌ಸ್ಪೆಕ್ಟರು ಬಂದರು. ಯಾರಿಗೂ ಹೇಳದೆ ಬಂದರು, ಬರಬೇಕಾದ ಹಾಗೆಯೇ ಬಂದರು. ಆದರೆ ಅದಕ್ಕೂ ಆರು ದಿನ ಮೊದಲೇ ಇಲ್ಲಿ ಎಲ್ಲ ಸಿದ್ಧವಾಗಿತ್ತು. ಗೋಡೆಗೆ ಸುಣ್ಣ, ಮೊಳೆಯ ಮೇಲೆ ಹೊಸ ಮೀಟರು, ಹೆಂಗಸರಿಗೆಲ್ಲ ಮೂಗಿನ ಕವಚ. ಯಾರು ಏನು ಕೇಳಿದರೆ ಏನು ಹೇಳಬೇಕು ಅಂತ ಸಾಲಾಗಿ ನಿಲ್ಲಿಸಿ ಹೇಳಿಕೊಟ್ಟಿದ್ದರು. ಇನ್‌ಸ್ಪೆಕ್ಟರು ಅಷ್ಟೂ ಗೋಡೌನು ಸುತ್ತಿ, ಕೊನೆಗೆ ಆ ಹೊಸ ಸುಣ್ಣಕ್ಕೆ ಬೆರಳು ಒತ್ತಿ ಬೆರಳನ್ನೇ ನೋಡಿಕೊಂಡು ನಿಂತಿದ್ದರು. ಅವರಿಗೆ ಗೊತ್ತಾಯಿತು ಅಂತ ನನಗೆ ಅನ್ನಿಸಿತು. ಆದರೆ ಬರೆದುಕೊಳ್ಳಲು ಏನೂ ಇರಲಿಲ್ಲ.

ಅವರು ಹೋದ ಮೇಲೆ ಮ್ಯಾನೇಜರು ನನ್ನನ್ನು ಕರೆದರು. ರೇಗಲಿಲ್ಲ. ಕುರ್ಚಿ ತೋರಿಸಿದರು, ಟೀ ತರಿಸಿದರು. “ಸರಗೂರಲ್ಲಿ ನಿಮ್ಮಾವ ಚೆನ್ನಾಗಿದಾರಾ? ಒಳ್ಳೇ ಗಂಟ್ಲು ಅಂತೆ” ಅಂದರು. ನಾನು ಇಲ್ಲಿ ಯಾರ ಮುಂದೆಯೂ ನಿಮ್ಮ ವಿಷಯ ಆಡಿದವಳಲ್ಲ.

ನಿನ್ನೆ ನೋಟಿಸು ಕೊಟ್ಟಿದ್ದಾರೆ. ಹೊದಿಕೆ ಹಾಕಿದ ತಾರೀಖನ್ನು ರಿಜಿಸ್ಟರಿನಲ್ಲಿ ತಪ್ಪಾಗಿ ಬರೆದವಳು ನಾನು, ಆ ತಾರೀಖನ್ನು ನಂಬಿ ಕೆಲಸದವರನ್ನು ಒಳಗೆ ಬಿಟ್ಟರು, ಆದದ್ದಕ್ಕೆಲ್ಲ ನಾನೇ ಹೊಣೆ ಅಂತ. ಹದಿನೈದು ದಿನದಲ್ಲಿ ಉತ್ತರ ಕೊಡಬೇಕಂತೆ. ಸುಂದ್ರಮ್ಮ ಬಿದ್ದ ಮೇಲೆ ಬರೆಸಿದ್ದು ಅದು ಅಂತ ನಾನೊಬ್ಬಳೇ ಹೇಳಬೇಕು.

ಮಾವ, ಏನಾದರೂ ಬರೆಯುವಾಗ ಬಾಗಿಲು ಹಾಕಿಕೊಂಡು ಕೂತುಕೊಳ್ಳಿ. ಬೇಸಗೆ ಬರುತ್ತಿದೆ, ಧೂಳು.

ಶಾಂಭವಿ

*

ಸರಗೂರು
17 ಮಾರ್ಚ್ 2025

ಚಿರಂಜೀವಿ ಶಾಂಭವಿಗೆ ಆಶೀರ್ವಾದಗಳು.

ದ್ರೋಹ! ನಿನ್ನ ಕಾಗದ ಓದಿ ನನ್ನ ಬಾಯಿಂದ ಹೊರಟ ಮೊದಲ ಮಾತು ಅದು. ಯಾರು ಮಾರಿದರು ನಿನ್ನ ಹೆಸರನ್ನು? ಕೆಂಪು ಶಾಯಿಯ ಎರಡು ಗೆರೆಯನ್ನು ದಾಟಿ ಒಳಗೆ ಕೈ ಹಾಕಿದವನು ಯಾರು? ಇಲಾಖೆಯವನೇ ಇರಬೇಕು. ಬೇರೆ ಯಾರಿಗೆ ಗೊತ್ತಿತ್ತು ಹೇಳು? ಅರ್ಜಿ ಹುಟ್ಟಿದ್ದು ನನ್ನ ನಡುಮನೆಯಲ್ಲಿ, ಹೋದದ್ದು ಅವರ ಮೇಜಿಗೆ. ನಡುವೆ ಇರುವುದು ಅಂಚೆಯವನೊಬ್ಬ.

ಸುಮ್ಮನೆ ಕೂರುವವನಲ್ಲ ನಾನು. ಶುಕ್ರವಾರ ಬೆಳಗಿನ ಬಸ್ಸು ಹಿಡಿದು ಆ ಕಚೇರಿಗೆ ಹೋದೆ. ಮೆಟ್ಟಿಲು ಹತ್ತುವಾಗಲೇ ಎದೆ ನಡುಗುವಷ್ಟು ದನಿ ತೆಗೆದೆ. ಆ ಇನ್‌ಸ್ಪೆಕ್ಟರು ಮೇಜಿನ ಹಿಂದೆ ಕೂತಿದ್ದ, ನಿನ್ನ ವಯಸ್ಸಿನವನೇ. ಒಂದು ಹೆಣ್ಣುಮಗಳ ಹೆಸರನ್ನು ಕಾಪಾಡಲಾಗದವನಿಗೆ ಈ ಕುರ್ಚಿ ಏಕೆ, ಈ ಫ್ಯಾನು ಏಕೆ, ಈ ಗಂಟೆ ಏಕೆ ಅಂತ ಕೇಳಿದೆ. ಗುಮಾಸ್ತರೆಲ್ಲ ಬಾಗಿಲಲ್ಲಿ ಸೇರಿದರು. ಅವನು ಕೈ ಮುಗಿದು ಕೂರಿಸಿ, ಬೀರುವಿನ ಬೀಗ ತೆಗೆದು, ಲಕೋಟೆಯನ್ನು ದೂರದಿಂದಲೇ ತೋರಿಸಿ, ಒಂದು ಚೀಟಿಯಲ್ಲಿ ಬರೆದುಕೊಟ್ಟ. “ಇದನ್ನು ಓದಿದವನು ನಾನೊಬ್ಬನೇ. ಬೀಗದ ಕೈ ನನ್ನ ಜೇಬಿನಲ್ಲೇ ಇರುತ್ತದೆ. ದಯವಿಟ್ಟು ಆಕೆಯ ಹೆಸರನ್ನು ಇಲ್ಲಿ ಕೂಗಬೇಡಿ.”

ಬಣ್ಣ ಹಚ್ಚದೆಯೂ ಎಷ್ಟು ಚೆನ್ನಾಗಿ ನಟಿಸುತ್ತಾರೆ ನೋಡು. ಚೀಟಿಯನ್ನು ಅವನ ಮುಂದೆಯೇ ಹರಿದು ಬಂದೆ.

ಬಾಗಿಲು ಹಾಕಿಕೊಳ್ಳಿ ಅಂತ ಬರೆದಿದ್ದೀಯೆ. ಧೂಳು ನನಗೇನೂ ಮಾಡುವುದಿಲ್ಲ. ಬಾಗಿಲು ಹಾಕಿದರೆ ಸೆಕೆಗೆ ಪ್ರಾಣ ಹೋಗುತ್ತದೆ. ನೋಟಿಸಿಗೆ ನಾನು ಉತ್ತರ ಬರೆದು ಕಳಿಸಲೇ? ಅವರ ಕುರ್ಚಿ ಅಲುಗಾಡುವಂತೆ ಬರೆಯುತ್ತೇನೆ.

ವೀರಭದ್ರಸ್ವಾಮಿ

*

ಪಿರಿಯಾಪಟ್ಟಣ
6 ಏಪ್ರಿಲ್ 2025

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಉತ್ತರ ಬರೆಯುವುದು ಬೇಡ. ನಾನೇ ನಾಲ್ಕು ಸಾಲು ಬರೆದುಕೊಟ್ಟೆ. ದಯವಿಟ್ಟು ಮತ್ತೆ ಆ ಕಚೇರಿಗೂ ಹೋಗಬೇಡಿ.

ಇನ್‌ಸ್ಪೆಕ್ಟರು ಇನ್ನೊಂದು ಸಲ ಬಂದಿದ್ದರು, ಹೆಂಗಸರ ಹೇಳಿಕೆ ಪಡೆಯಲು. ಹನ್ನೊಂದು ಜನರೂ ಏನೂ ಆಗಲಿಲ್ಲ ಅಂದರು. ಸುಂದ್ರಮ್ಮನ ಮನೆಗೇ ಹೋದರು. ಅವಳೂ ಹಾಗೇ ಬರೆಸಿದಳಂತೆ, ಉಪವಾಸ ಇದ್ದೆ, ತಲೆ ಸುತ್ತಿತು ಅಂತ.

ಸಂಜೆ ನಾನು ಹೋದೆ. ಅವಳ ಗಂಡ ಎದ್ದು ಹೊರಗೆ ನಡೆದ. ಸುಂದ್ರಮ್ಮ ಗೋಡೆಗೆ ಒರಗಿ ಕೂತಿದ್ದಳು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉಸಿರು ತೆಗೆದುಕೊಳ್ಳುತ್ತಾಳೆ. ಮಗಳು ರಮ್ಯಳನ್ನು ಅದೇ ಗೋಡೌನಿಗೆ ತೆಗೆದುಕೊಂಡಿದ್ದಾರೆ ಮಾವ, ಅಮ್ಮನ ಜಾಗಕ್ಕೆ. ಪಿಯುಸಿ ಮುಗಿಸಿದ ಹುಡುಗಿ. ನಾನು ಏನೂ ಕೇಳಿರಲಿಲ್ಲ. ಸುಂದ್ರಮ್ಮನೇ ಹೇಳಿದಳು.

“ಬೈಕೋಬ್ಯಾಡ ಕಣವ್ವ. ನಿಂಗೆ ನನ್ನುಸುರು ಕಾಣುಸ್ತು, ನಂಗೆ ಒಲೆ ಕಾಣುಸ್ತದೆ. ನಾನಂತೂ ಇನ್ ಆ ಬೇಲ್ ಎತ್ತಕಾಗಲ್ಲ. ಅವ್ಳಾರಾ ಓಗ್ಲಿ ಬುಡು.”

ನಾನು ಬೈಯಲಿಲ್ಲ. ಲೋಟದಲ್ಲಿ ನೀರು ಕೊಟ್ಟಳು, ಕುಡಿದೆ.

ಇನ್‌ಸ್ಪೆಕ್ಟರು ಹೋಗುವ ಮೊದಲು ಗೇಟಿನ ಹತ್ತಿರ ನನ್ನ ಕಡೆ ನೋಡದೆ, ಕಾಗದ ಮಡಿಸುತ್ತಾ, “ನಿಮ್ಮ ಹೆಸರು ನನ್ನ ಬಾಯಿಂದ ಹೋಗಿಲ್ಲಮ್ಮ” ಅಂದರು. ಗೊತ್ತು ಸಾರ್ ಅಂದೆ. ಸಾಕ್ಷಿ ಇಲ್ಲ ಅಂತ ಬರೆದು ಕಡತ ಮುಚ್ಚಬೇಕಾಗುತ್ತದೆ ಅಂದರು. ಅದೂ ಗೊತ್ತು ಅಂದೆ.

ರಿಜಿಸ್ಟರಿನ ವಿಷಯಕ್ಕೆ ಪೊಲೀಸಿಗೆ ಹೋಗುವುದಿಲ್ಲ, ನೀನಾಗಿಯೇ ಕೆಲಸ ಬಿಟ್ಟೆ ಅಂತ ಬರೆದುಕೊಡು ಅಂದರು ಮ್ಯಾನೇಜರು. ಈ ಸಲವೂ ಪೆನ್ನು ಅವರೇ ಕೊಟ್ಟರು. ಬರೆದುಕೊಟ್ಟು ಬಂದೆ. ತಿಂಗಳ ಕೊನೆಯವರೆಗೆ ಈ ಬಾಡಿಗೆ ಮನೆಯಲ್ಲಿ ಇರುತ್ತೇನೆ.

ಶಾಂಭವಿ

*

ಸರಗೂರು
21 ಏಪ್ರಿಲ್ 2025

ಶಾಂಭವಿ,

ಆಶೀರ್ವಾದ ಅಂತ ಬರೆಯಲು ಕೈ ಏಳಲಿಲ್ಲ. ಅದನ್ನು ಬಿಟ್ಟು ಶುರು ಮಾಡಿದ್ದೇನೆ.

ಇವತ್ತು ಬೆಳಿಗ್ಗೆ ಯತೀಶನ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದೆ. ಅವನು ಸ್ಲೇಟು ತೆಗೆದುಕೊಂಡು ಬರೆದ. “ಮೇಷ್ಟ್ರೇ, ಆ ಹೊಗೆಸೊಪ್ಪಿನ ನಾಟ್ಕ ಯಾವಾಗ ಆಡುಸ್ತೀರಿ? ಶಾಂಭವಿ ಪಾರ್ಟು ಯಾರ್ದು?”

ಯಾವ ನಾಟಕ ಅಂತ ನಕ್ಕೆ. ಅವನೂ ನಕ್ಕು, ಒರೆಸಿ, ಮತ್ತೆ ಬರೆದ. “ಅವತ್ತು ಜಗಲೀಲಿ ಹೇಳ್ಕಂಡ್ ಓಡಾಡ್ತಿದ್ರಲ್ಲ. ಬಸ್‌ಸ್ಟಾಂಡ್ ಗಂಟ ಕೇಳುಸ್ತು. ಸುನೀಲ್ಕುಮಾರ್ ಫೋನಲ್ಲಿ ಇಡ್ಕಂಡವ್ನೆ.”

ನಾನು ನಗುವುದನ್ನು ನಿಲ್ಲಿಸಲಿಲ್ಲ. ಮುಖ ನಗುತ್ತಲೇ ಇತ್ತು. ಸುನೀಲ್ಕುಮಾರ್ ಯಾವ ಲಾರಿ ಓಡಿಸುತ್ತಾನೆ ಅಂತ ಕೇಳಿದೆ. ಪಿರಿಯಾಪಟ್ಟಣದ ಗೋಡೌನಿಂದು ಅಂತ ಬರೆದ.

ಯತೀಶ ತನ್ನ ಫೋನು ತೆಗೆದು ನನ್ನ ಕಣ್ಣ ಮುಂದೆ ಹಿಡಿದ. ಸುನೀಲ್ಕುಮಾರ್ ಅವತ್ತೇ ಎಲ್ಲರಿಗೂ ಕಳಿಸಿದ್ದನಂತೆ, ನಮ್ಮ ಮೇಷ್ಟ್ರ ಹೊಸ ನಾಟಕ ಅಂತ, ಹೆಮ್ಮೆಯಿಂದಲೇ. ಅವನ ಮಾಲೀಕರ ಕಡೆಯವರಿಗೂ ಹೋಯಿತಂತೆ. ನಾನು ನೋಡಿದೆ ಮಗಳೇ. ಜಗಲಿಯ ಮೇಲೆ ಒಬ್ಬ ಮುದುಕ. ಎದೆಯ ಮೇಲೆ ಕೈ. ಬಾಯಿ ಇಷ್ಟಗಲ ತೆರೆಯುತ್ತದೆ, ಮುಚ್ಚುತ್ತದೆ, ತೆರೆಯುತ್ತದೆ. ನನಗೆ ಒಂದು ಸದ್ದೂ ಇಲ್ಲ. ಕೊನೆಯಲ್ಲಿ ಬಾಯಿ ಒಂದೇ ಆಕಾರಕ್ಕೆ ಮೂರು ಸಲ ಬಂತು. ಅದು ಯಾವ ಮಾತು ಅಂತ ಕೇಳಿಸದಿದ್ದರೂ ಗೊತ್ತಾಯಿತು.

ಅವತ್ತು ಬೆಂಚಿನವರು ಯಾಕೆ ಕೈ ಎತ್ತಿದರು ಅಂತಲೂ ಗೊತ್ತಾಯಿತು.

ಮೈಸೂರಿನ ಆ ಹುಡುಗ ನಿಜ ಹೇಳಿದ್ದ. ಅವನ ಚೀಟಿಯನ್ನು ನಾನು ಹರಿದೆ. ಬೀಗ ಹಾಕಿ ಇಟ್ಟವನನ್ನು ಕಳ್ಳ ಅಂದೆ, ಅವನ ಗುಮಾಸ್ತರ ಮುಂದೆ, ನಿನ್ನ ಹೆಸರನ್ನು ಇನ್ನೊಂದು ಸಲ ಕೂಗಿ.

ನಾನು ಅಲ್ಲಿಗೆ ಬರುತ್ತೇನೆ. ನಿನ್ನ ಮ್ಯಾನೇಜರ ಮುಂದೆ ನಿಂತು, ಅದೆಲ್ಲ ನಾನು ಕಟ್ಟಿದ ಕಥೆ, ಹುಡುಗಿಗೆ ಏನೂ ಗೊತ್ತಿಲ್ಲ, ಸಹಿಯನ್ನೂ ನಾನೇ ಹಾಕಿದ್ದು ಅಂತ ಹೇಳುತ್ತೇನೆ. ಮುದುಕನಿಗೆ ಮರುಳು ಅಂದುಕೊಳ್ಳಲಿ. ಜೈಲಾದರೂ ಆಗಲಿ. ಮುಂದಿನ ವಾರ ಬುಧವಾರದ ಬಸ್ಸಿಗೆ ಹೊರಡಲೇ? ಒಂದು ಸಾಲು ಬರೆ.

ಈ ಕಾಗದವನ್ನು ಬಾಯಿ ಕಟ್ಟಿಕೊಂಡು ಬರೆದಿದ್ದೇನೆ. ಹಲ್ಲಿನ ನಡುವೆ ಟವಲ್ಲು ಕಚ್ಚಿಕೊಂಡು. ಬೇರೆ ರೀತಿ ನನ್ನನ್ನು ನಾನು ನಂಬಲಾರೆ.

ವೀರಭದ್ರಸ್ವಾಮಿ

*

ಪಿರಿಯಾಪಟ್ಟಣ
28 ಏಪ್ರಿಲ್ 2025

ಮಾವ,

ಬರಬೇಡಿ. ಬಂದು ಆ ಮಾತು ಹೇಳಿದರೆ ಸುಂದ್ರಮ್ಮ ಬಿದ್ದದ್ದೂ ಕಟ್ಟುಕಥೆಯೇ ಆಗುತ್ತದೆ. ಅವರಿಗೆ ಬೇಕಾಗಿರುವುದು ಅಷ್ಟೇ.

ನನಗೆ ಮೊದಲೇ ಗೊತ್ತಿತ್ತು. ನಿಮ್ಮ ಫೆಬ್ರವರಿಯ ಕಾಗದ ಓದುವಾಗಲೇ, ಬೆಂಚಿನವರು ಎದ್ದು ನಿಂತರು ಅನ್ನುವ ಜಾಗಕ್ಕೆ ಬಂದಾಗಲೇ ಗೊತ್ತಾಯಿತು. ಕಾಗದ ಹಿಡಿದುಕೊಂಡು ಬಸ್‌ಸ್ಟಾಂಡಿನ ಕಲ್ಲು ಬೆಂಚಿನ ಮೇಲೆ ಎಷ್ಟೋ ಹೊತ್ತು ಕೂತಿದ್ದೆ. ನಿಮಗೆ ಬರೆದು ಏನಾಗಬೇಕಿತ್ತು? ಹೆಸರು ಆಗಲೇ ಹೋಗಿತ್ತು. ನಿಮ್ಮ ಹತ್ತಿರ ಉಳಿದಿರುವುದು ಆ ದನಿಯೊಂದೇ, ಅದನ್ನೂ ಕಿತ್ತುಕೊಂಡ ಹಾಗಾಗುತ್ತಿತ್ತು.

ತಪ್ಪು ನನ್ನದೂ ಇದೆ. ನೀವು ಹೇಳುತ್ತಾ ಬರೆಯುತ್ತೀರಿ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಮಗ್ಗಿ ಕಲಿತದ್ದು, ನಿದ್ದೆ ಮಾಡಿದ್ದು, ಜ್ವರ ಬಂದು ಮಲಗಿದ್ದು ಎಲ್ಲ ಆ ದನಿಯ ಒಳಗೇ. ಅದು ಹೊರಗಿನವರಿಗೂ ಕೇಳಿಸುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ. ಹಾಳೆಯ ಮೇಲೆ ಅಕ್ಷರದ ಗುರುತು ಸಿಗಬಾರದು ಅಂತ ಅಷ್ಟು ಯೋಚನೆ ಮಾಡಿದವಳು, ಬಾಯಿಯ ವಿಷಯ ಯೋಚಿಸಲಿಲ್ಲ.

ನಿಮ್ಮ ಮೇಲೆ ಕೋಪ ಇಲ್ಲ. ಇದನ್ನು ಸುಮ್ಮನೆ ಬರೆಯುತ್ತಿಲ್ಲ.

ಆದರೆ ಒಂದು ಮಾತು. ಇನ್ನು ಮೇಲೆ ನಾನು ನಿಮಗೆ ಎಲ್ಲವನ್ನೂ ಬರೆಯುವುದಿಲ್ಲ. ಊಟ, ಮಳೆ, ಮೈ ಹುಷಾರು, ಇಷ್ಟನ್ನು ತಪ್ಪದೆ ಬರೆಯುತ್ತೇನೆ. ನೀವೂ ಅಷ್ಟೇ ಕೇಳಿ. ಬೇರೆ ಏನಾದರೂ ಕೇಳಿದರೆ ಉತ್ತರ ಬರೆಯಲು ಕೂತುಬಿಡುತ್ತೇನೆ, ಬರೆದ ಮೇಲೆ ಭಯವಾಗುತ್ತದೆ.

ಮೇ ಒಂದರಿಂದ ಕೆ.ಆರ್. ನಗರದಲ್ಲಿ ಇರುತ್ತೇನೆ. ಬಟ್ಟೆ ಅಂಗಡಿಯಲ್ಲಿ ಕೆಲಸ. ವಿಳಾಸ ಹಿಂದುಗಡೆ ಇದೆ. ಬಾಯಿ ಕಟ್ಟಿಕೊಂಡು ಬರೆಯಬೇಡಿ, ಉಸಿರು ಕಟ್ಟುತ್ತದೆ.

ಶಾಂಭವಿ

*

ಕೆ.ಆರ್. ನಗರ
22 ಜೂನ್ 2025

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನೀವು ಕಳಿಸಿದ ಹುರುಳಿ ತಲುಪಿತು. ಇಲ್ಲಿ ಮಳೆ ಹಿಡಿದಿದೆ, ನಾಲೆಯಲ್ಲಿ ನೀರು ಬಿಡುತ್ತಾರೆ ಅಂತ ಅಂಗಡಿಗೆ ಬರುವವರೆಲ್ಲ ಅದನ್ನೇ ಮಾತಾಡುತ್ತಾರೆ. ಅಂಗಡಿಯವರು ಒಳ್ಳೆಯವರು. ನನಗೆ ಸೀರೆ ಬಿಡಿಸಿ ತೋರಿಸುವ ಕೆಲಸ. ಬರೆಯುವುದೇನೂ ಇಲ್ಲ.

ರಾತ್ರಿ ಮುದ್ದೆ ಮಾಡುತ್ತೇನೆ. ಮಧ್ಯಾಹ್ನ ಡಬ್ಬಿ. ಮೈ ಹುಷಾರಾಗಿದೆ.

ಶುಕ್ರವಾರ ಪಿರಿಯಾಪಟ್ಟಣದ ಕಡೆಯ ಒಬ್ಬರು ಸೀರೆಗೆ ಬಂದಿದ್ದರು. ಮಳೆಗಾಲದಲ್ಲಿ ಹುಳ ಜಾಸ್ತಿ ಅಂತ ಗೋಡೌನಿನಲ್ಲಿ ಮತ್ತೆ ಹೊದಿಕೆ ಹಾಕಿದ್ದರಂತೆ. ರಮ್ಯ ಎರಡು ದಿನದಿಂದ ಕೆಲಸಕ್ಕೆ ಹೋಗಿಲ್ಲವಂತೆ, ತಲೆಸುತ್ತು ಅಂತ.

ಆ ಸೀರೆ ಹಸಿರು, ಜರಿ ಅಂಚು. ಚೆನ್ನಾಗಿತ್ತು. ತೆಗೆದುಕೊಂಡು ಹೋದರು.

ಛತ್ರಿ ಇಲ್ಲದೆ ಹೊರಗೆ ಹೋಗಬೇಡಿ.

ಶಾಂಭವಿ

*

ಸರಗೂರು
30 ಜೂನ್ 2025

ಚಿರಂಜೀವಿ ಶಾಂಭವಿಗೆ ಆಶೀರ್ವಾದಗಳು.

ಕಾಗದ ತಲುಪಿತು. ಇಲ್ಲೂ ಮಳೆ. ಎರಡು ಹೊತ್ತೂ ಉಣ್ಣುತ್ತಿದ್ದೇನೆ. ಮೈ ಹುಷಾರಾಗಿದೆ.

ಕೇಳಬಾರದು ಅಂತ ಹೇಳಿದ್ದೀಯೆ. ನಾಲ್ಕು ದಿನ ಕೇಳದೆ ಇದ್ದು ನೋಡಿದೆ. ಹೊದಿಕೆ ಹಾಕಿದ ಎಷ್ಟನೇ ದಿನಕ್ಕೆ ಆ ಹುಡುಗಿಯನ್ನು ಒಳಗೆ ಕಳಿಸಿದರು?

ಬರೆಯದಿದ್ದರೂ ಪರವಾಗಿಲ್ಲ.

ನಿನ್ನ ಮಾವ
ವೀರಭದ್ರಸ್ವಾಮಿ